ಹನ್ನೆರಡನೆಯ ಸೀಟು

ಸೋಮವಾರ ಬೆಳಿಗ್ಗೆ ಆಫೀಸು ತೆರೆದ ಕೂಡಲೇ ಸರ್ ನನ್ನ ಪಕ್ಕದ ಮೇಜಿನ ಹುಡುಗಿಯ ಹೆಸರು ಹೇಳಿಬಿಟ್ಟರು. ಕೀನ್ಯಾಕ್ಕೆ ಆನೆ ನೋಡಲು ಹೊರಟಿದ್ದ ಹನ್ನೊಂದು ಜನರ ಗುಂಪಿನ ಜೊತೆ ನಮ್ಮ ಆಫೀಸಿನಿಂದ ಒಬ್ಬರು ಹೋಗಬೇಕಿತ್ತು. ಆ ಒಬ್ಬರು ನಾನೇ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು, ಅಗಲ ಅಂಚಿನ ಒಂದು ಟೋಪಿಯನ್ನೂ ತಂದಿಟ್ಟುಕೊಂಡಿದ್ದೆ.

"ಅಕ್ಕಾರ, ಈ ಸಲ ಆಕಿನ್ನ ಕಳಸೂಣು," ಅಂದರು ಸರ್. "ಆಕಿ ರೀಲ್ಸ್ ಚೊಲೋ ಮಾಡ್ತಾಳ. ಆನಿ ರೀಲ್ಸ್ ನೋಡಿದ್ರ ಮುಂದಿನ ವರ್ಷ ಇನ್ನೊಂದ್ ಎರಡು ಗುಂಪು ಬರ್ತಾವ."

"ಚೊಲೋ ಆತು ಬಿಡ್ರಿ ಸರ್," ಅಂದೆ. ಹನ್ನೊಂದು ವರ್ಷದಿಂದ ಆಫ್ರಿಕಾವನ್ನು ಬಾಯಿಮಾತಿನಲ್ಲೇ ಮಾರಿದವಳು ನಾನು. ಹಿಂಡಿಗೆ ಹೆಣ್ಣಾನೆಯೇ ಯಜಮಾನಿ, ಬೇಸಿಗೆಯಲ್ಲಿ ನೀರು ಎಲ್ಲಿದೆ ಎಂದು ಅವಳಿಗೇ ನೆನಪಿರುತ್ತದೆ ಎಂದು ನಾನು ಹೇಳುತ್ತಿದ್ದರೆ ಗಿರಾಕಿಗಳು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ಆದರೆ ಆ ಆನೆಯನ್ನು ನಾನು ನೋಡಿದ್ದು ನನ್ನ ಕುರ್ಚಿಯ ಹಿಂದಿನ ಗೋಡೆಯ ಪೋಸ್ಟರಿನಲ್ಲಿ ಮಾತ್ರ. ರೀಲ್ಸ್ ಮಾಡಲು ನನಗೆ ಬರುವುದಿಲ್ಲ, ಟಿಕೆಟ್ ಮಾಡಲು ಬರುತ್ತದೆ. ಅದಕ್ಕೆ ಯಾರು ಲೈಕ್ ಒತ್ತುತ್ತಾರೆ?

ಆಕ್ಲೆಂಡ್ ನಗರದ ಪಾಪಟೋಟೊಯಿಯ ಮುಖ್ಯ ರಸ್ತೆಯಲ್ಲಿ, ಸೀರೆ ಅಂಗಡಿಗೂ ಮಿಠಾಯಿ ಅಂಗಡಿಗೂ ನಡುವೆ ನಮ್ಮ ಟ್ರಾವೆಲ್ ಆಫೀಸು. ಮೂರು ಮೇಜು, ಮೂರು ಜನ. ಸರ್ ಬೆಳಗಾವಿಯವರು, ನಾನು ಹುಬ್ಬಳ್ಳಿಯವಳು, ಅವಳು ಮೈಸೂರಿನ ಹುಡುಗಿ. ಓದಲು ಬಂದವಳು ಇಲ್ಲೇ ಕೆಲಸ ಹಿಡಿದು, ಹತ್ತಿರ ಹತ್ತಿರ ಎರಡು ವರ್ಷದ ಹಿಂದೆ ರೆಸಿಡೆನ್ಸಿ ಪಡೆದು, ಒನೆಹುಂಗಾ ಬಡಾವಣೆಯಲ್ಲಿ ಇಬ್ಬರು ಫ್ಲಾಟ್‌ಮೇಟ್‌ಗಳ ಜೊತೆ ಇದ್ದಳು. ನನ್ನನ್ನು ಅಕ್ಕ ಅನ್ನುತ್ತಿದ್ದಳು. ನನ್ನ ಹಳೆಯ ಗಿರಾಕಿಗಳು ಫೋನ್ ಮಾಡಿ, "ಆ ಮೈಸೂರು ಹುಡುಗಿ ಇಲ್ಲೇನ್ರಿ?" ಅಂತ ಕೇಳಲು ಶುರುಮಾಡಿ ಒಂದು ವರ್ಷವಾಗಿತ್ತು. ಪ್ರತಿ ಸಲವೂ ನಾನು "ಅದಾಳ್ರಿ" ಎಂದು ಫೋನನ್ನು ಅವಳ ಕಡೆ ತಳ್ಳುತ್ತಿದ್ದೆ.

ಗುಂಪು ಉತ್ತರ ಕರ್ನಾಟಕದ ಮೂರು ಕುಟುಂಬಗಳದ್ದು, ಆಕ್ಲೆಂಡ್ ಮತ್ತು ವೆಲ್ಲಿಂಗ್ಟನ್‌ನವರು. ಕೆಲಸವೆಲ್ಲ ನನ್ನ ತಲೆಯ ಮೇಲೆ ಬಿತ್ತು. ನೈರೋಬಿಯಿಂದ ಪಾರ್ಕಿಗೆ ಹೋಗುವ ಪುಟ್ಟ ವಿಮಾನದಲ್ಲಿ ಸರಿಯಾಗಿ ಹನ್ನೆರಡು ಸೀಟು. ತಲೆಗೆ ಹದಿನೈದು ಕಿಲೋ ಮಾತ್ರ, ಅದೂ ಮೆತ್ತನೆಯ ಚೀಲದಲ್ಲೇ ಇರಬೇಕು, ಗಟ್ಟಿ ಸೂಟ್‌ಕೇಸ್ ಒಳಗೆ ಹಿಡಿಸುವುದಿಲ್ಲ. ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡ ಹತ್ತು ದಿನದ ಮೇಲೆಯೇ ಅದರ ಕಾರ್ಡಿಗೆ ಬೆಲೆ. ಕೀನ್ಯಾದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧ. ನಮ್ಮವರಿಗೆ ಆನೆಗಿಂತ ಇದೇ ದೊಡ್ಡ ಸಂಕಟವಾಯಿತು.

"ಹಂಗಂದ್ರ ಶೇಂಗಾ ಚಟ್ನಿ ಎದರಾಗ ಒಯ್ಯೂದವಾ?" ಎಂದು ವಿಜಯಪುರದ ಅಮ್ಮ ವೆಲ್ಲಿಂಗ್ಟನ್‌ನಿಂದ ಮೂರು ಸಲ ಫೋನ್ ಮಾಡಿದರು. ಮಗನ ಮನೆಯಲ್ಲಿದ್ದ ಅವರೇ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು. ಖಡಕ್ ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿ, ಚಟ್ನಿಯನ್ನು ಸ್ಟೀಲ್ ಡಬ್ಬಿಗೆ ಹಾಕಿ, ಆ ಡಬ್ಬಿಯನ್ನು ಸೀರೆಯಲ್ಲಿ ಸುತ್ತಿ ಎಂದು ನಾನು ಹೇಳಿಕೊಟ್ಟೆ. ಬೆಳಗಿನ ಆರು ಗಂಟೆಯ ಸಫಾರಿಗೆ ಮುಂಚೆ ಅವರ ಲಿಂಗಪೂಜೆ ಆಗಬೇಕಿತ್ತು. ಅದಕ್ಕಾಗಿ ಲಾಡ್ಜಿನವರಿಗೆ ಬರೆದು ಐದು ಗಂಟೆಗೇ ಬಿಸಿನೀರು ಗೊತ್ತುಮಾಡಿದೆ. ಇಷ್ಟೆಲ್ಲ ನಾನು ಮಾಡುವುದು, ಆನೆಯ ಮುಂದೆ ಹಲ್ಲು ಕಿರಿದು ನಿಲ್ಲುವುದು ಅವಳು!

ನಮ್ಮ ಆಫೀಸಿನಲ್ಲಿ ಒಂದು ಪದ್ಧತಿ ಇದೆ. ಯಾವ ಫೈಲನ್ನೂ ಒಬ್ಬರೇ ನೋಡಿ ಮುಗಿಸುವಂತಿಲ್ಲ. ಒಬ್ಬರು ಕಾಗದ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅದನ್ನು ಪರದೆಯ ಮೇಲೆ ನೋಡಿ ಹೂಂ ಅನ್ನಬೇಕು. ಇದಕ್ಕೆ ಸರ್ ಇಟ್ಟ ಹೆಸರು ಓದಿ ಒಪ್ಪಿಸೋದು. ಹೊರಡಲು ಒಂಬತ್ತು ವಾರ ಇರುವಾಗ ನಾವಿಬ್ಬರೂ ಹನ್ನೆರಡು ಫೈಲು ಓದಲು ಕೂತೆವು. ಅವಳದ್ದೇ ಕೊನೆಯದು.

ಪಾಸ್‌ಪೋರ್ಟನ್ನು ಒಂದೂ ಅಕ್ಷರ ಬಿಡದೆ ಓದಿದಳು. ವೀಸಾ ಪತ್ರ ಬಂದಾಗ, "ಇದು ನನ್ನ ರೆಸಿಡೆಂಟ್ ವೀಸಾ ಅಕ್ಕ, ಇದರಲ್ಲೇನಿಲ್ಲ," ಎಂದು ನನ್ನ ಕೈಗೆ ಕೊಟ್ಟು ನೀರು ಕುಡಿಯಲು ಎದ್ದಳು. ನಾನು ಎರಡನೇ ಪುಟ ತಿರುವಿದೆ.

ರೆಸಿಡೆನ್ಸಿ ಬಂತೆಂದರೆ ಎಲ್ಲ ಮುಗಿಯಿತು ಎಂದೇ ನಮ್ಮ ಜನರ ನಂಬಿಕೆ. ಸ್ವೀಟು ಹಂಚುತ್ತಾರೆ, ಸತ್ಯನಾರಾಯಣ ಪೂಜೆ ಮಾಡಿಸುತ್ತಾರೆ, ಪತ್ರದ ಎರಡನೇ ಪುಟ ಮಾತ್ರ ಓದುವುದಿಲ್ಲ. ಆ ವೀಸಾದ ಮೇಲೆ ಈ ದೇಶದಲ್ಲಿ ಎಷ್ಟು ವರ್ಷ ಬೇಕಾದರೂ ಇರಬಹುದು. ಆದರೆ ಹೊರಗೆ ಹೋಗಿ ಮರಳಿ ಬರಲು ಒಂದು ಗಡುವು ಇರುತ್ತದೆ, ಸಾಮಾನ್ಯವಾಗಿ ಎರಡು ವರ್ಷ. ಗಡುವು ದಾಟುವಾಗ ನೀವು ಹೊರಗಿದ್ದರೆ ವೀಸಾ ಅಲ್ಲಿಗೇ ಸತ್ತಿತು. ಅವಳ ಗಡುವು, ಗುಂಪು ಮರಳುವುದಕ್ಕೆ ಐದು ದಿನ ಮೊದಲೇ ಮುಗಿಯುತ್ತಿತ್ತು. ಆಕ್ಲೆಂಡ್‌ನಲ್ಲಿ ಯಾರೂ ಅವಳನ್ನು ತಡೆಯುತ್ತಿರಲಿಲ್ಲ, ನಗುನಗುತ್ತಾ ಹತ್ತಿಸಿ ಕಳಿಸುತ್ತಿದ್ದರು. ಬರುವಾಗ ಮಾತ್ರ ವಿಮಾನ ಹತ್ತಲು ಬಿಡುತ್ತಿರಲಿಲ್ಲ. ಕೆಲಸ, ಮನೆ, ಇಷ್ಟು ವರ್ಷದ ಒದ್ದಾಟ, ಎಲ್ಲ ಹೋಗುತ್ತಿತ್ತು.

ಅವಳು ಬಾಟಲಿ ಹಿಡಿದುಕೊಂಡು ಬಂದು, "ಓಕೆನಾ ಅಕ್ಕ?" ಎಂದು ಕೇಳಿದಳು.

"ಹೂಂ," ಅಂದೆ.

ನಾನು ಅವಳನ್ನು ಹಾಳುಮಾಡಬೇಕೆಂದಿರಲಿಲ್ಲ. ಇದನ್ನು ಯಾರೂ ನಂಬದಿದ್ದರೂ ಹೇಳುತ್ತೇನೆ. ಹೇಳುವುದೆಂದು ಅವತ್ತೇ ನಿಶ್ಚಯಿಸಿದ್ದೆ, ಆದರೆ ತಡವಾಗಿ. ಗಡುವು ಹೆಚ್ಚಿಸಿಕೊಳ್ಳಲು ಅರ್ಜಿ ಹಾಕಬಹುದು, ಅದಕ್ಕೆ ಕೆಲವು ವಾರ ಹಿಡಿಯುತ್ತದೆ. ಹೊರಡುವ ಮೂರು ವಾರ ಮೊದಲು ಗುಂಪಿನ ಹೆಸರಿನ ಪಟ್ಟಿ ಏರ್‌ಲೈನಿಗೆ ಹೋಗಬೇಕು, ಹೋದ ಮೇಲೆ ಒಂದು ಹೆಸರೂ ಬದಲಾಗುವುದಿಲ್ಲ. ಅರ್ಜಿಗೆ ಸಮಯ ಸಾಲದಷ್ಟು ತಡಮಾಡಿ, ಪಟ್ಟಿ ಹೋಗುವ ಮೊದಲು ಹೇಳಿದರೆ ಅವಳೂ ಉಳಿಯುತ್ತಾಳೆ, ಸೀಟೂ ನನಗೆ ಬರುತ್ತದೆ. ಎಷ್ಟು ನಾಜೂಕಾದ ಲೆಕ್ಕ! ಟಿಕೆಟ್ ಮಾಡುವವಳ ಬುದ್ಧಿ ಎಲ್ಲಿ ಹೋಗುತ್ತದೆ?

ಸಮಾಧಾನಕ್ಕೆ ಒಂದು ಕಾನೂನೂ ಸಿಕ್ಕಿತು. ಈ ದೇಶದಲ್ಲಿ ವೀಸಾ ಸಲಹೆ ಕೊಡಲು ಲೈಸೆನ್ಸ್ ಬೇಕು. ನನಗೆ ಲೈಸೆನ್ಸ್ ಇಲ್ಲ, ಆದ್ದರಿಂದ ನಾನು ಬಾಯಿ ಮುಚ್ಚಿಕೊಂಡಿರುವುದೇ ಸರಿ ಎಂದು ಪಾತ್ರೆ ತೊಳೆಯುತ್ತಾ ನನಗೆ ನಾನೇ ವಾದ ಮಾಡಿಕೊಂಡೆ.

ಅದಾದ ಎರಡನೇ ಭಾನುವಾರ ಗುಂಪಿಗೆ ಮಾಹಿತಿ ಕೊಡುವ ಸಭೆ ಇತ್ತು. ಅವಳು ಎದ್ದು ನಿಂತು, ಹಿಂಡಿಗೆ ಹೆಣ್ಣಾನೆಯೇ ಯಜಮಾನಿ, ನೀರಿರುವ ಜಾಗ ಅವಳಿಗೇ ನೆನಪಿರುತ್ತದೆ ಎಂದು ಶುರುಮಾಡಿದಳು. ನನ್ನ ಮಾತು! ನಾನು ನಿಲ್ಲುತ್ತಿದ್ದ ಕಡೆಯೇ ನಿಂತು, ನಾನು ಕೈ ಎತ್ತುತ್ತಿದ್ದ ಕಡೆಯೇ ಕೈ ಎತ್ತಿದಳು. ಜನ ಚಪ್ಪಾಳೆ ಹೊಡೆದರು. ಆಮೇಲೆ ಅವಳು ನನ್ನ ಕಡೆ ತಿರುಗಿ, "ಇದೆಲ್ಲಾ ಅಕ್ಕ ಹೇಳ್ಕೊಟ್ಟಿದ್ದು," ಎಂದು ನಕ್ಕಳು. ಅದು ಇನ್ನೂ ಉರಿಯಿತು. ಕದ್ದಳೆಂದು ಬೈಯುವ ಸುಖವನ್ನೂ ನನಗೆ ಉಳಿಸಲಿಲ್ಲ.

ಮಂಗಳವಾರ ಮಧ್ಯಾಹ್ನ, ಡೇರಿಗೆ ಹೋಗಿ ಹಾಲು ತರುತ್ತೇನೆಂದು ಹೇಳಿ ಕ್ಲಿನಿಕ್ಕಿಗೆ ಹೋಗಿ ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡೆ. ನರ್ಸ್ ಹಳದಿ ಕಾರ್ಡಿನ ಮೇಲೆ ತಾರೀಖು ಬರೆದು ಸೀಲು ಒತ್ತಿದಳು. "ಸಫಾರಿಗಾ? ಲಕ್ಕಿ ಯು," ಅಂದಳು. ಹಾಲು ತರುವುದನ್ನು ಮರೆತೆ.

ಅವಳ ಪತ್ರ ನೋಡಿದ ಹದಿನೆಂಟನೆಯ ದಿನ ವೆಲ್ಲಿಂಗ್ಟನ್‌ನಿಂದ ಒಂದು ಫೋನ್ ಬಂತು. ಧಾರವಾಡದ ಹೆಣ್ಣುಮಗಳು, ಅಲ್ಲಿ ಸರ್ಕಾರಿ ಕೆಲಸದಲ್ಲಿದ್ದಾಳೆ. ಗಂಡ ತನ್ನ ತಂದೆಯ ತಿಥಿಗೆಂದು ಊರಿಗೆ ಹೋಗಿದ್ದ. ಅವನು ಅಲ್ಲಿರುವಾಗಲೇ ಅವನ ವೀಸಾದ ಇದೇ ಗಡುವು ಮುಗಿದಿತ್ತು. ಐದು ತಿಂಗಳಾದರೂ ಬರಲು ಆಗಿರಲಿಲ್ಲ, ಇಲ್ಲಿನ ಕೆಲಸವೂ ಹೋಗಿತ್ತು. ಅವನ ಟಿಕೆಟನ್ನು ಮೂರನೇ ಸಲ ಮುಂದಕ್ಕೆ ಹಾಕಬೇಕಿತ್ತು.

"ಯಾವ ತಾರೀಖಿಗೆ ಹಾಕ್ಲಿವಾ?" ಎಂದು ಕೇಳಿದೆ.

"ಗೊತ್ತಿಲ್ರಿ ಆಂಟಿ. ನೀವ ಯಾವುದರ ಒಂದು ಹಾಕ್ರಿ."

ಹಿಂದಿನಿಂದ ಅವಳ ಮಗು, "ಇಸ್ ಅಪ್ಪಾ ಕಮಿಂಗ್ ದಿಸ್ ಸ್ಯಾಟರ್ಡೇ?" ಎಂದು ಕೇಳಿತು. ನಾನು ಯಾವುದೋ ಒಂದು ತಾರೀಖು ಹಾಕಿ ಫೋನ್ ಇಟ್ಟೆ. ಇನ್ನೂ ಹತ್ತು ದಿನ ಸುಮ್ಮನಿರಬೇಕೆಂಬುದು ನನ್ನ ಲೆಕ್ಕವಾಗಿತ್ತು. ಆ ಹತ್ತು ದಿನದಲ್ಲಿ ನಾನು ಜ್ವರ ಬಂದು ಮಲಗಿದರೆ? ಬಸ್ಸಿನಡಿ ಸಿಕ್ಕರೆ? ಈ ಮಾತು ನನಗೊಬ್ಬಳಿಗೇ ಗೊತ್ತಿತ್ತು.

"ಏ ಹುಡುಗಿ," ಅಂದೆ. "ನಿನ್ನ ವೀಸಾ ಲೆಟರ್ ತೆಗಿ. ಎರಡನೇ ಪುಟ ಓದು. ಗಟ್ಟಿಯಾಗಿ ಓದು."

ಓದಿದಳು. ಓದುತ್ತಾ ಓದುತ್ತಾ ದನಿ ಇಳಿಯಿತು. "ಅಕ್ಕ, ಇದು ನಾವು ವಾಪಸ್ ಬರೋದಕ್ಕಿಂತ ಮುಂಚೆ ಅಲ್ವಾ?"

"ಹೂಂ. ಲೈಸೆನ್ಸ್ ಇದ್ದಾವ್ರ ಕಡೆ ಹೋಗು. ಇವತ್ತ ಹೋಗು."

"ನೀವು ನೋಡ್ದೇ ಇದ್ದಿದ್ರೆ ನಾನು ನೈರೋಬಿಲೇ ಸಿಕ್ಕಾಕೊಂಡಿರ್ತಿದ್ದೆ ಅಕ್ಕ!" ಎಂದು ಕುರ್ಚಿಯಿಂದ ಎದ್ದು ಬಂದು ನನ್ನನ್ನು ಅಪ್ಪಿಕೊಂಡಳು. "ಯಾವಾಗ ನೋಡಿದ್ರಿ?"

"ಈಗ ಸುಮ್ನ ಕಣ್ಣಿಗೆ ಬಿತ್ತು," ಅಂದೆ.

ಮರುದಿನವೇ ಅರ್ಜಿ ಹೋಯಿತು. ಆಮೇಲೆ ಮೂವರೂ ಕಾಯತೊಡಗಿದೆವು. ಅವಳು ಅರ್ಧ ಗಂಟೆಗೊಮ್ಮೆ ಮೇಲ್ ತೆರೆಯುವಳು. ರಾತ್ರಿ ಮೈಸೂರಿಗೆ ಮಾತಾಡುವಾಗ ಅವಳ ತಾಯಿ ನನ್ನ ಹೆಸರು ಹೇಳಿ ದೇವರಿಗೆ ದೀಪ ಹಚ್ಚಿದರಂತೆ. ಇದನ್ನು ಕೇಳಿ ನನಗೆ ಊಟ ಸೇರಲಿಲ್ಲ. ಒಪ್ಪಿಗೆ ಬೇಗ ಬರಲಿ ಎಂದು ಒಂದು ಮನಸ್ಸು, ಬಾರದಿರಲಿ ಎಂದು ಇನ್ನೊಂದು. ಯಾವುದು ದೊಡ್ಡದಿತ್ತು ಎಂದು ಕೇಳಿದರೆ ಈಗಲೂ ಹೇಳಲಾರೆ.

ಇಪ್ಪತ್ತನಾಲ್ಕು ದಿನ ಕಳೆದರೂ ಉತ್ತರವಿಲ್ಲ. ಪಟ್ಟಿ ಹೋಗಬೇಕಾದ ದಿನ ಬಂತು. "ಐದು ದಿನ ಮೊದ್ಲ ಒಬ್ಬಳ ವಾಪಸ್ ಬರ್ಲಿ ಅಂದ್ರ ಗುಂಪಿನ ಗತಿ ಏನು?" ಎಂದು ತಲೆ ಕೆರೆದುಕೊಂಡ ಸರ್ ನನ್ನ ಕಡೆ ತಿರುಗಿದರು. "ಅಕ್ಕಾರ, ನೀವ ಹೋಗ್ರಿ. ಆದ್ರ ನಿಮಗ ಇಂಜೆಕ್ಷನ್ ಆಗಬೇಕಲ್ಲ?"

"ನಂದು ಆಗೇತ್ರಿ ಸರ್."

ಬಾಯಿಂದ ಜಾರಿಹೋಯಿತು. ಸರ್ ಖುಷಿಯಾಗಿ, "ಶಾಣ್ಯಾ ಇದ್ದೀರಿ ನೋಡ್ರಿ," ಎಂದು ಪಟ್ಟಿಯಲ್ಲಿ ಹೆಸರು ಬದಲಿಸಿದರು. ನನ್ನ ಫೈಲು ಓದಿ ಒಪ್ಪಿಸಬೇಕಿತ್ತು. ಓದುವವಳು ಅವಳು, ಹೂಂ ಅನ್ನುವವಳು ನಾನು. ಪಾಸ್‌ಪೋರ್ಟ್ ಓದಿದಳು. ಹಳದಿ ಕಾರ್ಡ್ ತೆರೆದು ಚುಚ್ಚುಮದ್ದಿನ ತಾರೀಖು ಓದಿದಳು. ಮತ್ತೆ ಅದೇ ತಾರೀಖನ್ನು ನಿಧಾನವಾಗಿ ಓದಿದಳು. ನಾನು ಅವಳಿಗೆ ಗಡುವಿನ ಮಾತು ಹೇಳಿದ ದಿನಕ್ಕಿಂತ ಅದು ಆರು ದಿನ ಹಿಂದಿನದು. ನಾನು ಪರದೆಯನ್ನೇ ನೋಡುತ್ತಾ ಹೂಂ ಅಂದೆ. ಅವಳು ಕಾರ್ಡು ಮಡಚಿ ಮುಂದಿನ ಕಾಗದ ತೆಗೆದುಕೊಂಡಳು.

ಅವಳ ಅರ್ಜಿಗೆ ಒಪ್ಪಿಗೆ ಬಂದದ್ದು ನಾಲ್ಕು ದಿನದ ಮೇಲೆ. ಪಟ್ಟಿ ಹೋಗಿತ್ತು, ಪುಟ್ಟ ವಿಮಾನದ ಹನ್ನೆರಡು ಸೀಟೂ ಹೆಸರು ಹಚ್ಚಿಕೊಂಡು ಕೂತಿದ್ದವು. ಹದಿನೆಂಟು ದಿನದಲ್ಲಿ ನಾಲ್ಕೇ ನಾಲ್ಕು ದಿನ ಮುಂಚೆ ಹೇಳಿದ್ದರೆ ಸಾಕಿತ್ತು. ಚುಚ್ಚುಮದ್ದಿಗೆ ಹೋದ ದಿನವಾದರೂ ಹೇಳಿದ್ದರೆ ಎರಡು ದಿನ ಉಳಿಯುತ್ತಿತ್ತು. ಅವಳು ಮೇಲ್ ಓದಿ, "ಬಂತು ಸರ್," ಎಂದಷ್ಟೇ ಹೇಳಿ ಫೋನ್ ಎತ್ತಿಕೊಂಡಳು.

ಹೋದೆ. ದುಬೈ, ನೈರೋಬಿ, ಅಲ್ಲಿಂದ ಪುಟ್ಟ ವಿಮಾನ. ಪೈಲಟ್‌ನ ಹಿಂದಿನ ಸೀಟು ನನಗೆ ಸಿಕ್ಕಿತು. ಮರುದಿನ ಬೆಳಿಗ್ಗೆ ಅಮ್ಮ ಪೂಜೆ ಮುಗಿಸಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಎಲ್ಲರಿಗಿಂತ ಮೊದಲೇ ಜೀಪಿನ ಬಳಿ ನಿಂತಿದ್ದರು. ಎರಡು ಜೀಪು, ಮಾಡು ಮೇಲಕ್ಕೆ ಏಳುವಂಥವು. ಎದ್ದು ನಿಂತರೆ ತಲೆ ಹೊರಗೆ ಬರುತ್ತಿತ್ತು. ಕಿಲಿಮಂಜಾರೊ ಪರ್ವತ ಮೋಡದಲ್ಲಿ ಅಡಗಿತ್ತು. ಒಂದು ಗಂಟೆ ಸುತ್ತಿದರೂ ಜಿಂಕೆ, ಜೀಬ್ರಾ ಬಿಟ್ಟರೆ ಏನೂ ಇಲ್ಲ. ಬರೀ ಧೂಳು. "ಆನಿ ಎಲ್ಲಿ ಅದಾವ್ರಿ?" ಎಂದು ಎಲ್ಲರೂ ನನ್ನನ್ನೇ ಕೇಳಿದರು, ನಾನೇ ಎಲ್ಲೋ ಕಟ್ಟಿಹಾಕಿ ಬಂದಿದ್ದೇನೆ ಅನ್ನುವ ಹಾಗೆ.

ಗೈಡ್ ದಾರಿಯ ಪಕ್ಕದ ಲದ್ದಿ ನೋಡಿ, ಇಳಿದು, ಕಾಲಿನಿಂದ ಒಡೆದು, ಇನ್ನೂ ಹಸಿಯಾಗಿದೆ ಅಂದ. ಜವುಗು ನೆಲದ ಕಡೆ ತಿರುಗಿಸಿ, ರಸ್ತೆಗೆ ಅಡ್ಡವಾಗದಂತೆ ಒಂದು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದ. ಯಾರೂ ಮಾತಾಡಬಾರದು, ಕೈ ಹೊರಗೆ ಚಾಚಬಾರದು ಎಂದು ಸನ್ನೆ ಮಾಡಿದ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಮುಳ್ಳುಪೊದೆಗಳ ಹಿಂದೆ ಧೂಳು ಎದ್ದಿತು.

ಮೊದಲು ಬಂದವಳು ದೊಡ್ಡವಳು. ಒಂದು ದಂತ ತುದಿಯಲ್ಲಿ ಮುರಿದಿತ್ತು. ಹಿಂದೆ ಹದಿನಾಲ್ಕು ಆನೆ, ಎರಡು ಸಲ ಎಣಿಸಿದೆ. ಒಂದು ಮರಿ ತಾಯಿಯ ಹೊಟ್ಟೆಯಡಿಗೇ ಓಡುತ್ತಾ ಬರುತ್ತಿತ್ತು. ದೊಡ್ಡವಳು ನಮ್ಮ ಜೀಪಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು, ಕಿವಿ ಅಗಲಿಸಿ, ಸೊಂಡಿಲು ಎತ್ತಿ ನಮ್ಮ ವಾಸನೆ ಹಿಡಿದಳು. ಅಷ್ಟು ದೊಡ್ಡ ದೇಹಗಳಿಂದ ಹೆಜ್ಜೆಯ ಸದ್ದೇ ಬರುತ್ತಿರಲಿಲ್ಲ. ಅದನ್ನು ಹನ್ನೊಂದು ವರ್ಷದಲ್ಲಿ ನಾನು ಯಾರಿಗೂ ಹೇಳಿರಲಿಲ್ಲ, ನನಗೇ ಗೊತ್ತಿರಲಿಲ್ಲ.

"ಅಯ್ಯ ಶಿವನ, ಮೊರದಗಲ ಕಿವಿ ಅದಾವಲ್ಲೋ!" ಎಂದು ಅಮ್ಮ ಪಿಸುಗುಟ್ಟಿ ಕೈಮುಗಿದರು. ದೊಡ್ಡವಳು ದಾರಿಯ ನಡುವೆ ನಿಂತೇ ಇದ್ದಳು. ಕೊನೆಯ ಮರಿ ದಾಟುವವರೆಗೂ ನಿಂತು, ಆಮೇಲೆ ತಾನೂ ನೀರಿನ ಕಡೆ ನಡೆದಳು.

ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ, ಎದೆ ತುಂಬಿ ಬರುವಷ್ಟು ಖುಷಿಯಾಯಿತು. ಪಾಪ ಮಾಡಿದವರಿಗೆ ಸುಖ ಹತ್ತುವುದಿಲ್ಲ ಅನ್ನುತ್ತಾರಲ್ಲ, ನನಗೆ ಚೆನ್ನಾಗಿಯೇ ಹತ್ತಿತು. ನಾಚಿಕೆಯಾದದ್ದು ಅದಕ್ಕೇ.

"ಆ ಹುಡುಗಿ ಬಂದಿದ್ರ ರೀಲ್ಸ್ ಎಷ್ಟ್ ಚೊಲೋ ಮಾಡ್ತಿತ್ತು," ಅಂದರು ಅಮ್ಮ, ಆನೆಗಳು ಮರೆಯಾದ ಮೇಲೆ. "ಪಾಪ, ಅದರ ನಸೀಬದಾಗ ಇರಲಿಲ್ಲ ನೋಡು."

ಅಲ್ಲಿಯೂ ಅವಳೇ! ಹದಿನಾಲ್ಕು ಸಾವಿರ ಕಿಲೋಮೀಟರ್ ದೂರ ಬಂದು, ಹನ್ನೆರಡನೆಯ ಸೀಟಿನಲ್ಲಿ ಕೂತು, ನಾನು ಇನ್ನೂ ಅವಳ ಮೇಲೆ ಉರಿಯುತ್ತಿದ್ದೆ. ನಾನು ತೆಗೆದ ವಿಡಿಯೊದಲ್ಲಿ ಅರ್ಧ ನನ್ನ ಹೆಬ್ಬೆರಳೇ ಇತ್ತು. ಅದನ್ನೇ ಅವಳಿಗೆ ಕಳಿಸಿದೆ. "ಸೂಪರ್ ಮೇಡಂ," ಎಂದು ಉತ್ತರ ಬಂತು.

ಮರಳಿದ ಮೇಲೆ ಆಕ್ಲೆಂಡ್ ಏರ್‌ಪೋರ್ಟಿನಲ್ಲಿ ತಪಾಸಣೆಯವರಿಗೆ ಎಲ್ಲರ ಬೂಟಿನ ಮಣ್ಣು ತೋರಿಸಿ, ಅಮ್ಮ ಕೊಂಡಿದ್ದ ಮರದ ಆನೆಯ ಗೊಂಬೆಯನ್ನು ಡಿಕ್ಲೇರ್ ಮಾಡಿಸಿ, ಗುಂಪನ್ನು ಕಳಿಸಿಕೊಟ್ಟೆ. ಮರುದಿನ ಸರ್ ಬರುವ ಮುಂಚೆಯೇ ಆಫೀಸಿಗೆ ಹೋದೆ. ಅವಳು ಒಬ್ಬಳೇ ಇದ್ದಳು.

"ನಿನಗ ಒಂದು ಮಾತು ಹೇಳಬೇಕು," ಅಂದೆ. "ಆ ತಾರೀಖು ನಾ ಅವತ್ತ ನೋಡಿದ್ದಲ್ಲ. ಹದಿನೆಂಟು ದಿನ ಮೊದ್ಲ ನೋಡಿದ್ದೆ. ನಿನ್ನ ಮ್ಯಾಲೆ ಹೊಟ್ಟೆಕಿಚ್ಚಿತ್ತು. ಅದಕ್ಕ ಹೇಳಲಿಲ್ಲ."

ಅವಳು ಟೈಪ್ ಮಾಡುವುದನ್ನು ನಿಲ್ಲಿಸಿದಳು. "ಗೊತ್ತು. ನಿಮ್ಮ ಕಾರ್ಡ್ ನಾನೇ ಓದಿದ್ನಲ್ಲ."

"ಮತ್ತ ಅವತ್ತ ಯಾಕ ಕೇಳಲಿಲ್ಲ?"

"ಕೇಳಿದ್ರೆ ಸರ್ ನಿಮ್ಮನ್ನ ಕಳಿಸ್ತಿರಲಿಲ್ಲ. ನಾನೂ ಹೋಗೋ ಹಾಗಿರಲಿಲ್ಲ, ಗುಂಪೇ ನಿಂತುಹೋಗ್ತಿತ್ತು. ಆ ವಿಜಯಪುರದ ಅಜ್ಜಿ ಎಲ್ಲಾ ಕಟ್ಕೊಂಡು ರೆಡಿಯಾಗಿದ್ರು." ಕೀಬೋರ್ಡನ್ನು ಪಕ್ಕಕ್ಕೆ ಸರಿಸಿದಳು. ಕಣ್ಣು ಕೆಂಪಾಗಿತ್ತು. "ಸೀಟು ಬೇಕಿತ್ತು ಅಂತ ಕೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆ ಮೇಡಂ. ನಮ್ಮಮ್ಮ ನಿಮ್ಮ ಹೆಸರಲ್ಲಿ ಇನ್ನೂ ದೀಪ ಹಚ್ತಿದಾರೆ. ಅವರಿಗೆ ಏನು ಹೇಳಲಿ?"

ಬಿಟ್ಟುಕೊಡುತ್ತಿದ್ದಳು, ಅದು ನನಗೆ ಗೊತ್ತು. ಅವಳ ಆ ಮನಸ್ಸಿನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಸರ್ ಬಂದಾಗ ಅವರಿಗೂ ಹೇಳಿದೆ. ಬೈದರು, ಕೆಲಸದಿಂದ ತೆಗೆಯಲಿಲ್ಲ. ಮುಂದಿನ ಗುಂಪಿನ ಜೊತೆ ಅವಳು ಹೋಗುತ್ತಾಳೆ, ಈ ಸಲ ತಾಂಜಾನಿಯಾ. ಅವಳ ಫೈಲನ್ನು ಸರ್ ಓದಿದರು, ಹೂಂ ಅಂದದ್ದು ಅವಳೇ. ನಾನು ಪಕ್ಕದ ಮೇಜಿನಲ್ಲಿ ಕೂತು ಕೇಳುತ್ತಿದ್ದೆ. ಸರ್ ಅವಸರದ ಮನುಷ್ಯ, ವಾಪಸು ಬರುವ ತಾರೀಖನ್ನೇ ಹಾರಿಸಿ ಓದಿದರು.

"ಸರ್, ರಿಟರ್ನ್ ಡೇಟ್ ಬಿಟ್ರಿ," ಅಂದೆ.

ಅವಳು ನನ್ನ ಕಡೆ ತಿರುಗಲಿಲ್ಲ. "ಸರ್," ಅಂದಳು, "ಮೊದಲಿಂದ ಓದಿ."